ವರ್ಕಿಯ ಅಂಗಳ

ಇಲಿಪಾಷಾಣ ತುಂಬಿದ ಬೂತಾಯಿ ಮೀನನ್ನು ಹಿಡಿದು ಅಚ್ಚಮ್ಮ ಹಿತ್ತಿಲ ಬೇಲಿಯ ಬಳಿ ನಿಂತಿದ್ದಳು. ಒಂಬತ್ತು ವರ್ಷ ಅವಳ ಕಾಲ ಬಳಿ ಮಲಗುತ್ತಿದ್ದ ಬೆಕ್ಕು ಕುಂಜಿಯನ್ನು ಬೆಳಗಿನ ಜಾವ ಕಚ್ಚಿ ಕೊಂದ ನಾಯಿ ಈಗ ಎದುರಿಗೆ ಕುಳಿತು ಬಾಲ ಅಲ್ಲಾಡಿಸುತ್ತಿತ್ತು. ಅದು ಪಕ್ಕದ ಮನೆಯ ವರ್ಕಿಯದು. ಕಟ್ಟಿಹಾಕು ಎಂದು ಅವಳು ಮೂರು ಸಲ ಹೇಳಿದ್ದಳು.

ವರ್ಕಿ ಬೇಲಿಯಾಚೆ ಹಲ್ಲುಜ್ಜುತ್ತ ನಿಂತಿದ್ದ. ಅಕ್ಕ ಎನ್ನುವಂತೆ ಅವಳನ್ನು ಅವನು 'ಚೇಚಿ' ಎಂದೇ ಕರೆಯುತ್ತಿದ್ದ. "ಏನ್ ಚೇಚಿ, ಒಂದ್ ಬೆಕ್ಕಿಗೆ ಇಷ್ಟು ಮುಖ ಊದಿಸ್ಕೊಂಡ್ರೆ ಹೇಗೆ? ನಾಯಿ ಅಂದ್ಮೇಲೆ ಬೆಕ್ಕಿನ ಹಿಂದೆ ಓಡುತ್ತೆ. ಬೇರೆ ಮರಿ ತಂದ್ಕೊಡ್ತೀನಿ ಬಿಡಿ."

ನಾಯಿ ಮೀನಿಗೆ ಮೂಗು ಚಾಚಿತು. ಅದರ ಮೀಸೆಯಲ್ಲಿ ಕುಂಜಿಯ ಬಿಳಿ ಕೂದಲು ಇನ್ನೂ ಅಂಟಿಕೊಂಡಿತ್ತು. ಕಣ್ಣಲ್ಲಿ ಮಾತ್ರ ತಪ್ಪು ಮಾಡಿದ ಅಳುಕೇ ಇರಲಿಲ್ಲ. ಅಳುಕಬೇಕಾದವನು ಬೇಲಿಯಾಚೆ ನಗುತ್ತಿದ್ದ. ಅಚ್ಚಮ್ಮ ಮೀನನ್ನು ಉರಿಯುವ ನೀರೊಲೆಗೆ ಎಸೆದು ಕೈ ತೊಳೆದಳು. ಹಳೆಯ ಮುಂಡು ಪಂಚೆಯಲ್ಲಿ ಸುತ್ತಿಟ್ಟಿದ್ದ ಕುಂಜಿಯನ್ನು ಎತ್ತಿಕೊಂಡು ರಸ್ತೆ ಸುತ್ತಿ ಹೋಗಿ, ವರ್ಕಿಯ ಎರಡೂ ಕೈಗಳ ಮೇಲೆ ಇಟ್ಟಳು.

"ಇಲ್ಲೇ, ನಿನ್ನ ಬಾಗಿಲೆದುರೇ ಹೂಳ್ಬೇಕು. ಗುಂಡಿ ನೀನೇ ತೋಡು."

"ಅಂಗಳದಲ್ಲಾ? ಚೇಚಿ, ಜನ ನೋಡ್ತಾರೆ."

"ನೋಡ್ಲಿ. ನೀನೂ ದಿನಾ ನೋಡು."

ಚರ್ಚಿಗೆ ಹೊರಟವರು ಗೇಟಿನ ಬಳಿ ನಿಂತುಬಿಟ್ಟರು. ಮುಂಡು ಜಾರಿ ಕುಂಜಿಯ ಹರಿದ ಕುತ್ತಿಗೆ ಕಂಡದ್ದೇ ವರ್ಕಿಯ ನಗು ಆರಿತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟು, ಒಳಗಿನಿಂದ ಗುದ್ದಲಿ ತಂದ. ಮೊಣಕಾಲಾಳಕ್ಕೆ ತೋಡಿದ ಮೇಲೆ ಬೆವರೊರೆಸಿಕೊಂಡು, ತಲೆಯೆತ್ತದೆ ಕೇಳಿದ: "ಸಾಕಾ, ಚೇಚಿ?"

"ಸಾಲ್ದು," ಎಂದು ಅಚ್ಚಮ್ಮ ಅವನ ಮೆಟ್ಟಿಲ ಮೇಲೆ ಕುಳಿತುಕೊಂಡಳು.