ಓಣಿಯ ಮೊದಲ ಗಂಟೆ

ನಾಣ್ಯಜಾಲದ ಹೊಸ ಬ್ಲಾಕ್, ಅಂದರೆ ಡಿಜಿಟಲ್ ಹಣದ ಲೆಕ್ಕದ ಹೊಸ ಪುಟ, ಇವತ್ತೂ ಮೊದಲು ಪಕ್ಕದ ಕಾಶವ್ವನ ಮನೆಗೇ ಬಂತು. ಗೋಡೆಯಾಚೆ, ಬ್ಲಾಕ್ ಬಂದಾಗ ಸದ್ದು ಮಾಡುವ ಪೆಟ್ಟಿಗೆಯ ಗಂಟೆ ಹೊಡೆದದ್ದು ಕೇಳಿ ನೀಲಾಂಬಿಕೆಗೆ ಹೊಟ್ಟೆ ಉರಿಯಿತು. ಓಣಿಯಲ್ಲಿ ಮೊದಲ ಗಂಟೆಯೆಂದರೆ ಮೊದಲ ವೀಳ್ಯದಷ್ಟೇ ಮಾನ. ಹೋದ ವರ್ಷದವರೆಗೆ ಅದು ಅವಳದೇ ಆಗಿತ್ತು.

"ನಮ್ಮ ಪೆಟಗಿ ಕೆಟ್ಟೈತೇನ ನೋಡಪಾ," ಎಂದಳು, ರಿಪೇರಿಗೆ ಬಂದ ಮುದಕಪ್ಪನಿಗೆ.

"ಕೆಟ್ಟಿಲ್ಲರಿ ಅಕ್ಕಾರ. ಬಂದದ್ದನ್ನ ಲಗೂನ ಬಾಜೂ ಮನಿಗೆ ದಾಟಿಸೋರಿಗೆ ಜಾಲ ಮೊದಲ ಕೊಡತೈತಿ. ನೀವು ಯಾವಾಗ ದಾಟಸ್ತಿದ್ರಿ?"

ಚಹಾ ಕುಡಿದು ಮುಗಿಸಿದ ಮೇಲೆ, ಎಂದು ನೀಲಾಂಬಿಕೆ ಹೇಳಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆ ಮತ್ತೊಮ್ಮೆ ಗಂಟೆ ಹೊಡೆಯಿತು. ಅವಳು ಹಲ್ಲು ಕಡಿಯುವ ಮೊದಲೇ ಅವಳ ಪೆಟ್ಟಿಗೆಯೂ ಹೊಡೆಯಿತು. ಕಾಶವ್ವ ಒಂದು ಗುಟುಕು ಚಹಾಕ್ಕೂ ಕಾಯದೆ ಬ್ಲಾಕ್ ದಾಟಿಸಿದ್ದಳು.

"ನೋಡಿದಿ?" ಎಂದಳು ನೀಲಾಂಬಿಕೆ. "ಎಷ್ಟ್ ಸೊಕ್ಕೈತಿ ಅಕಿಗೆ!"