ಮೊದಲು ಬರೆಯುವವರು ಯಾರು?

“ನಾನಲ್ಲ, ಇವನು!”

ಐದು ಬೆರಳುಗಳು ಐದು ದಿಕ್ಕಿಗೆ ಚಾಚಿದವು. ಅವಳು ಕೇಳಿದ್ದು ಒಂದೇ ಪ್ರಶ್ನೆ: ಆಟದ ಬಯಲಿನ ಉಯ್ಯಾಲೆ ಮುರಿದು ಬಿದ್ದಿದೆಯಲ್ಲ, ಯಾರಿಂದ? ಕೇಳಿದ್ದೇ ತಡ, ಕೋಣೆ ಸಂತೆಯಾಯಿತು.

“ಎಲ್ಲರೂ ಕೂತ್ಕೊಳ್ಳಿ. ಒಬ್ಬೊಬ್ಬರಾಗಿ ಮಾತಾಡಿ,” ಎಂದು ಅವಳು ಮೇಜು ತಟ್ಟಿದಳು.

ಗೊಣಗುತ್ತ ಕೂತರು. ಗೋಡೆಯ ಚಿತ್ರದಲ್ಲಿ ಹಲ್ಲು ಬಿದ್ದ ಮಕ್ಕಳು ನಗುತ್ತಿದ್ದರು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅವಳಿಗಂತೂ ನಗು ಬರುವ ಹೊತ್ತಲ್ಲ.

ಮೇಜಿನ ಮೇಲೆ ಒಂದು ಹಾಳೆ, ಅದರ ತಲೆಯಲ್ಲಿ ‘ಬಯಲು ಮಕ್ಕಳಿಗೇ ಇರಲಿ’ ಎಂಬ ಒಂದೇ ಸಾಲು. ಮೇಲಿನವರ ನಿಯಮ ಸ್ಪಷ್ಟವಾಗಿತ್ತು: ಐವರೂ ಇದೇ ಕೋಣೆಯಲ್ಲಿ, ತಮ್ಮ ಕೈಯಾರೆ, ಆ ಹಾಳೆಯ ಮೇಲೆ ಹೆಸರು ಬರೆಯಬೇಕು. ಹನ್ನೆರಡರೊಳಗೆ ಐದೂ ಹೆಸರು ಬಿದ್ದರೆ ಬಯಲು ಉಳಿಯುತ್ತದೆ. ಒಂದು ತಪ್ಪಿದರೂ ನಾಳೆ ಅದಕ್ಕೆ ಬೇಲಿ ಬೀಳುತ್ತದೆ, ವಾಹನ ನಿಲ್ಲಿಸುವ ಜಾಗವಾಗುತ್ತದೆ. ಸುತ್ತಲಿನ ಓಣಿಗಳ ನಲವತ್ತು ಮಕ್ಕಳಿಗೆ ಆಡಲು ಬೇರೆ ನೆಲವಿಲ್ಲ. “ಉಳಿಸಿಕೊಂಡೇ ಬರ್ತೀನಿ” ಎಂದು ಅವಳು ಆ ನಲವತ್ತು ಮಂದಿಗೂ ಮಾತು ಕೊಟ್ಟು ಬಂದಿದ್ದಳು. ಈಗ ನೋಡಿದರೆ ಅರ್ಧ ಗಂಟೆ ಉಳಿದಿದೆ, ಹಾಳೆಯಲ್ಲಿ ಇನ್ನೂ ಒಂದು ಹೆಸರೂ ಇಲ್ಲ.

ಐವರೂ ಅವಳಿಗೆ ಹೊಸಬರು. ಬೆಳಿಗ್ಗೆಯಷ್ಟೇ ಅವಳ ಪಾಲಿಗೆ ಬಂದವರು. ನಿಜವಾದ ಹೆಸರು ನಾಲಿಗೆಗೆ ಹತ್ತುವ ಮೊದಲೇ ಮನಸ್ಸಿನಲ್ಲಿ ಅಡ್ಡಹೆಸರು ಇಟ್ಟಾಗಿತ್ತು. ಬಿಸ್ಕತ್ತಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡವನು ಗುಂಡಣ್ಣ. ಎರಡು ಬಿಸ್ಕತ್ತು ಹೊಟ್ಟೆಗೆ ಬೀಳುತ್ತಲೇ ಗದ್ದವನ್ನು ಎದೆಗೆ ಆನಿಸುವವನು ತೂಕಡಿಕೆ. ತಪ್ಪು ತನ್ನ ತಲೆಗೆ ಬರುವ ಹಾಗಿದ್ದರೆ ಮಾತ್ರ ಅವನಿಗೆ ಎಚ್ಚರ. ಕಿಟಕಿ ಪಕ್ಕದ ಕುರ್ಚಿ ತನ್ನದೇ ಎಂದು ಬರುತ್ತಲೇ ಜಗಳ ತೆಗೆದವನು ಮುಂಗೋಪಿ. ಉಳಿದವರ ಸುದ್ದಿಯನ್ನೆಲ್ಲ ಅವಳ ಕಿವಿಗೆ ಊದುವವನು ಚಾಡಿಕೋರ. ಐದನೆಯವನು ಹಸಿರಪ್ಪ. ನೀಲಿ ಪೆನ್ನು ಕೊಟ್ಟರೆ ಮುಟ್ಟಲೊಲ್ಲ, ಬರೆದರೆ ಹಸಿರಿನಲ್ಲೇ ಬರೆಯುವವನು.

“ಮೇಡಂ, ಮೊದಲು ಅವನು ಬರೀಲಿ. ಆಮೇಲೆ ನಾನು,” ಎಂದು ಮುಂಗೋಪಿ ಹಸಿರಪ್ಪನತ್ತ ಕೈ ತೋರಿಸಿದ.

“ಆಹಾ! ನಾನ್ಯಾಕೆ ಮೊದಲು?” ಹಸಿರಪ್ಪ ಸಿಡುಕಿದ. “ನಾಳೆ ಏನಾದ್ರೂ ಆದ್ರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸ್ತಾರೆ.”

“ಹಾಗಾದ್ರೆ ಕೊನೆಗೆ?” ಎಂದಳು ಅವಳು.

“ಕೊನೆಗಾ? ಇವರೆಲ್ಲರ ಕೆಳಗಾ?” ಹಸಿರಪ್ಪನ ಮುಖ ಕುಂಬಳಕಾಯಿಯಷ್ಟಾಯಿತು.

“ಮೇಡಂ, ಇವನು ಮೇಜಿನ ಕೆಳಗೆ ಮೊಬೈಲಿನಲ್ಲಿ ಆಟ ಆಡ್ತಿದ್ದಾನೆ,” ಎಂದು ಚಾಡಿಕೋರ ಮುಂಗೋಪಿಯತ್ತ ಬೆರಳು ಮಾಡಿದ.

“ನಾನು ಸ್ವಲ್ಪ ಹೊರಗೆ ಹೋಗ್ಬರ್ತೀನಿ,” ಎಂದ ಗುಂಡಣ್ಣ. ಇದು ಮೂರನೆಯ ಸಲ.

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಕಾವಲಿದ್ದ ಮುದುಕನಿಗೆ ಮೊದಲೇ ಹೇಳಿಟ್ಟಿದ್ದಳು: “ಹನ್ನೆರಡರ ತನಕ ಯಾರನ್ನೂ ಬಿಡಬೇಡಿ, ತಾತ.” ಮುದುಕ ತನ್ನ ಸ್ಟೂಲನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡು ಕೂತ. ಗುಂಡಣ್ಣ ಪೆಚ್ಚುಮೋರೆ ಹಾಕಿಕೊಂಡು ಮರಳಿದ.

ಹನ್ನೊಂದು ಮುಕ್ಕಾಲು. ಗದರಿದರೆ ಇವರು ಮುಖ ಊದಿಸಿಕೊಂಡು ಕೂರುತ್ತಾರೆ. ಅಂಗಲಾಚಿದರೆ ತಲೆಯ ಮೇಲೆ ಹತ್ತುತ್ತಾರೆ. ಮನೆಯಲ್ಲಿ ಹಠಮಾರಿ ತಮ್ಮನಿಗೆ ದಿನವೂ ಊಟ ಮಾಡಿಸಿ ಪಳಗಿದವಳು ಅವಳು. ಹಠಕ್ಕೆ ಎದುರು ನಿಂತು ಗೆದ್ದವರಿಲ್ಲ, ಅದರ ಪಕ್ಕದಲ್ಲಿ ಹಾದುಹೋಗಬೇಕು ಎಂಬುದು ಅಲ್ಲಿ ಕಲಿತ ಪಾಠ.

“ಆ ತಟ್ಟೆ ಇಲ್ಲಿ,” ಎಂದು ಕೈ ಚಾಚಿದಳು.

ಗುಂಡಣ್ಣ ಕೊನೆಯ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು ತಟ್ಟೆ ಕೊಟ್ಟ. ಅವಳು ಅದನ್ನು ಹಾಳೆಯ ಮೇಲೆ ಬೋರಲು ಹಾಕಿ, ಸುತ್ತಲೂ ಪೆನ್ಸಿಲ್ ಆಡಿಸಿದಳು. ದುಂಡನೆಯ ಗೆರೆಯೊಂದು ಮೂಡಿತು.

“ಇದರ ಸುತ್ತ ಬರೀರಿ. ಇದರಲ್ಲಿ ಮೊದಲೂ ಇಲ್ಲ, ಕೊನೆಯೂ ಇಲ್ಲ.”

ಐವರೂ ಬಗ್ಗಿ ನೋಡಿದರು. ಗೆರೆಯಲ್ಲಿ ಏನೋ ಮೋಸವಿದೆ ಎಂಬಂತೆ ಹಸಿರಪ್ಪ ಅದರ ಮೇಲೆ ಬೆರಳಾಡಿಸಿದ. ಕೊನೆಗೆ ಗುಂಡಣ್ಣ ಕೈಯ ಪುಡಿ ಒರೆಸಿಕೊಂಡು ಹೆಸರು ಬರೆದ. ಹಾಳೆಯನ್ನು ತಿರುಗಿಸಿ ನೋಡಿ ಮುಖ ಅರಳಿಸಿದ. “ಈ ಕಡೆಯಿಂದ ನೋಡಿದ್ರೆ ನಾನೇ ಎಲ್ಲರಿಗಿಂತ ಮೇಲೆ!”

ಅಷ್ಟು ಸಾಕಾಯಿತು. ಚಾಡಿಕೋರ ಹಾಳೆ ಕಸಿದುಕೊಂಡ. ಹಸಿರಪ್ಪ ಜೇಬಿನಿಂದ ತನ್ನ ಪೆನ್ನು ತೆಗೆದ. ಒಬ್ಬೊಬ್ಬನೂ ಬರೆದ ಮೇಲೆ ಹಾಳೆ ತಿರುಗಿಸಿ ತನ್ನ ಹೆಸರು ನೆತ್ತಿಯ ಮೇಲಿರುವುದನ್ನು ಕಣ್ತುಂಬ ನೋಡಿಕೊಂಡ. ಹಸಿರಪ್ಪನ ಪಕ್ಕ ಬರೆಯಲಾರೆ ಎಂದು ಮುಂಗೋಪಿ ಕೊಸರಾಡಿದಾಗ, ಅವಳು ಆಚೆ ಬದಿಯ ಖಾಲಿ ಜಾಗಕ್ಕೆ ಬೆರಳಿಟ್ಟಳು. ತೂಕಡಿಕೆಯನ್ನು ಅಲುಗಿಸಿ ಎಬ್ಬಿಸಬೇಕಾಯಿತು. ಅವನು ಅರ್ಧ ಕಣ್ಣು ತೆರೆದು, ಒಂದಕ್ಷರವನ್ನೂ ಓದದೆ, ಗೀಚಿ ಮತ್ತೆ ಒರಗಿಕೊಂಡ.

ಹನ್ನೆರಡಕ್ಕೆ ಎರಡು ನಿಮಿಷ. ಅವಳು ಬೆರಳಿಟ್ಟು ಎಣಿಸಿದಳು. ಐದು. ಮತ್ತೆ ಎಣಿಸಿದಳು. ಐದೇ. ಅಳು ಬರುವಷ್ಟು ಖುಷಿಯಾಯಿತು. ನಾಳೆ ಆ ನಲವತ್ತು ಮಂದಿಗೆ ಮುಖ ತೋರಿಸಬಹುದು.

ಮುದುಕ ಸ್ಟೂಲು ಸರಿಸಿ ಬಾಗಿಲು ತೆರೆದ. “ಸಾಹೇಬ್ರೇ, ಐದೂ ಇಲಾಖೆಯ ಕಾರುಗಳು ಬಂದು ನಿಂತಿವೆ.”

ಐವರು ನಿರ್ದೇಶಕರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಮಕ್ಕಳ ವಿಷಯದ ಸಭೆಗೆ ಮಕ್ಕಳೇ ಅಧ್ಯಕ್ಷರಾಗಬೇಕೆಂಬ ಹೊಸ ಸರ್ಕಾರಿ ಆದೇಶದಂತೆ ಆ ದಿನದ ಸಭೆ ನಡೆಸಿದ ಐದನೇ ತರಗತಿಯ ಅಧ್ಯಕ್ಷೆ, ಕಾಲು ನೆಲಕ್ಕೆ ಎಟುಕದ ದೊಡ್ಡ ಕುರ್ಚಿಯಿಂದ ಧುಮುಕಿ ಓಡಿದಳು.