ಮುರಿಯದ ಹುಲ್ಲುಬಳೆ

ಒಣಹುಲ್ಲಿಗೆ ತೇವ ತಾಗಿದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಎಡ ಮಣಿಕಟ್ಟನ್ನು ಮುಟ್ಟಿ ನೋಡುತ್ತದೆ.

ದೀಪಾವಳಿ ಕಳೆದಿತ್ತು. ದೊಡ್ಡಬಳ್ಳಾಪುರದ ಆಚೆಗಿನ ನಮ್ಮ ಹೊಲದಲ್ಲಿ ಕೊಯ್ದ ರಾಗಿ ಸಾಲುಸಾಲಾಗಿ ಒಣಗುತ್ತಿತ್ತು. ಬಿಸಿಲಲ್ಲಿ ರಾಗಿಹುಲ್ಲು ಮುರಿಯುತ್ತದೆ. ಅದಕ್ಕೇ ನಮ್ಮ ಕಡೆ ಹೊರೆ ಕಟ್ಟುವುದು ಬೆಳಗಿನ ಇಬ್ಬನಿಗೆ ಹುಲ್ಲು ಮೆತ್ತಗಿದ್ದಾಗ ಮಾತ್ರ. ಮುದ್ದೆ ಉಂಡ ಚಿಕ್ಕಪ್ಪ "ನಾಳೆ ಬೆಳಿಗ್ಗೆ ಕಟ್ಟಾಣ ಬಿಡವ್ವ" ಎಂದು ಅಜ್ಜಿಗೆ ಹೇಳಿ ಹೊಂಗೆಮರದಡಿ ಕಾಲು ಚಾಚಿದ್ದ.

ನಾನು ದಿನವೂ ನಾಲ್ಕು ಎಳೆ ಹುಲ್ಲು ಹೊಸೆದು ಬಳೆ ಮಾಡಲು ಹೋಗುತ್ತಿದ್ದೆ. ದಿನವೂ ಅದು ಪಟ್ಟನೆ ಮುರಿಯುತ್ತಿತ್ತು. ಆವತ್ತು ಮಾತ್ರ, ನಡುಮಧ್ಯಾಹ್ನದಲ್ಲೇ, ದಾರದ ಹಾಗೆ ಕೈ ಸುತ್ತಿ ನಿಂತಿತು.

"ಅಜ್ಜಿ, ನೋಡು, ಮುರೀಲೇ ಇಲ್ಲ!"

ಅಜ್ಜಿ ನನ್ನ ಕೈ ಹಿಡಿದು ಬಳೆಯನ್ನು ಎರಡು ಸಲ ಒತ್ತಿ ನೋಡಿದಳು. "ಏಳ್ರೋ, ಮಳೆ ಬತ್ತೈತೆ. ಈಗ್ಲೇ ಕಟ್ಟಿ."

"ಒಂದು ಮೋಡಾನೂ ಇಲ್ವಲ್ಲವ್ವ!" ಚಿಕ್ಕಪ್ಪ ನಕ್ಕ.

"ಮೋಡ ಯಾಕೋ ನೋಡ್ತೀಯ? ಹುಲ್ಲು ನೋಡು."

ಆ ದನಿಗೆ ಎದುರಾಡುವವರಿರಲಿಲ್ಲ. ಎಲ್ಲರೂ ಬಗ್ಗಿ ಹೊರೆ ಕಟ್ಟಿದರು, ತೆನೆ ಒಳಗಾಗುವಂತೆ ಮೆದೆ ಒಟ್ಟಿ ಟಾರ್ಪಾಲು ಹೊದಿಸಿದರು. ಕೊನೆಯ ಹಗ್ಗ ಬಿಗಿಯುವಾಗ ಮೂಡಲ ಗಾಳಿ ತಣ್ಣಗೆ ಬೀಸಿತು. ಮನೆ ಸೇರುವಷ್ಟರಲ್ಲಿ ಜಡಿಮಳೆ ಹಿಡಿದಿತ್ತು.

ಮೂರನೆಯ ದಿನವೂ ಬಿಡಲಿಲ್ಲ. ಕಂಬಳಿ ಹೊದ್ದು ಬಾಗಿಲಲ್ಲಿ ನಿಂತ ಚಿಕ್ಕಪ್ಪ ಆಕಾಶ ನೋಡಿದ, ಅಜ್ಜಿಯನ್ನು ನೋಡಿದ. ಅಜ್ಜಿ ಗದ್ದದಿಂದಲೇ ನನ್ನ ಕಡೆ ತೋರಿದಳು.

"ನಾಳೆ ಹೆಂಗಮ್ಮ?" ಎಂದು ಅವನು ನನ್ನನ್ನು ಕೇಳಿದ.

ನಾನು ಬಳೆ ಒತ್ತಿ ನೋಡಿದೆ. "ಇನ್ನೂ ಮೆತ್ತಗೈತೆ" ಎಂದೆ.

ಅವನು ಕಂಬಳಿ ಎಳೆದುಕೊಂಡು ಒಳಗೆ ಹೋದ.